ದೋಷಾರೋಪದ ನಂತರವೂ ಟ್ರಂಪ್ ಅವರ ಬೆಂಬಲ ಏಕೆ ಕುಸಿಯಲಿಲ್ಲ?

ಆರೋಪಗಳನ್ನು ಹೆಚ್ಚಿನ ಮತದಾರರು ಸಾಕ್ಷ್ಯದಿಂದ ಅಳೆಯದೆ ತಮ್ಮ ಪಕ್ಷನಿಷ್ಠೆಯಿಂದ ಅಳೆದದ್ದೇ ಇದಕ್ಕೆ ಮುಖ್ಯ ಕಾರಣ. 2023ರ ಮಾರ್ಚ್ 30ರಂದು ನ್ಯೂಯಾರ್ಕಿನ ಗ್ರ್ಯಾಂಡ್ ಜ್ಯೂರಿ, ಅಂದರೆ ವಿಚಾರಣೆಗೆ ಸಾಕಷ್ಟು ಆಧಾರವಿದೆಯೇ ಎಂದು ತೀರ್ಮಾನಿಸುವ ಸಾಮಾನ್ಯ ನಾಗರಿಕರ ಮಂಡಳಿ, ಡೊನಾಲ್ಡ್ ಟ್ರಂಪ್ ಅವರ ಮೇಲೆ ವ್ಯವಹಾರದ ದಾಖಲೆಗಳಲ್ಲಿ ಸುಳ್ಳು ಬರೆದ 34 ಆರೋಪಗಳನ್ನು ಹೊರಿಸಲು ಒಪ್ಪಿತು. ಅಮೆರಿಕದ ಮಾಜಿ ಅಧ್ಯಕ್ಷರೊಬ್ಬರು ಕ್ರಿಮಿನಲ್ ಆರೋಪ ಎದುರಿಸಿದ್ದು ಅದೇ ಮೊದಲು.

ಆಗಿನ ಸಮೀಕ್ಷೆಗಳಲ್ಲಿ ಆರೋಪ ಹೊರಿಸಿದ್ದನ್ನು ಒಪ್ಪಿದವರೇ ಹೆಚ್ಚಿದ್ದರೂ, ಅದರ ಹಿಂದೆ ರಾಜಕೀಯವೂ ಇದೆ ಎಂದವರು ಇನ್ನೂ ಹೆಚ್ಚಿದ್ದರು. ಈ ಸಂಶಯವೇ ರಿಪಬ್ಲಿಕನ್ ಬೆಂಬಲಿಗರಲ್ಲಿ ಗಟ್ಟಿಯಾಗಿ, ನಾಯಕನ ಮೇಲಿನ ಮೊಕದ್ದಮೆಯು ತಮ್ಮ ಮೇಲೆಯೇ ನಡೆದ ದಾಳಿಯೆಂಬ ಭಾವನೆಯಾಗಿ ಬೆಳೆಯಿತು. ರಾನ್ ಡಿಸ್ಯಾಂಟಿಸ್ ಅವರಂತಹ ಪಕ್ಷದೊಳಗಿನ ಪ್ರತಿಸ್ಪರ್ಧಿಗಳೂ ಮೊಕದ್ದಮೆಯನ್ನು ಖಂಡಿಸಬೇಕಾದ್ದರಿಂದ, ಅದನ್ನು ಟ್ರಂಪ್ ಅವರ ವಿರುದ್ಧ ಬಳಸುವ ದಾರಿ ಅವರಿಗೆ ಬಹುಮಟ್ಟಿಗೆ ಮುಚ್ಚಿಹೋಯಿತು. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ ಮುಖ್ಯವಾಗಿ ಆ ಪಕ್ಷದ ಬೆಂಬಲಿಗರೇ ಮತ ಹಾಕುವುದರಿಂದ, ದೇಶದ ಉಳಿದವರ ಅಸಮ್ಮತಿಗೆ ಅಲ್ಲಿ ಬೆಲೆಯಿರಲಿಲ್ಲ.

2024ರ ಮೇ 30ರಂದು ವಿಚಾರಣೆಯ ಜ್ಯೂರಿಯು, ಅಂದರೆ ತೀರ್ಪು ನೀಡುವ ನಾಗರಿಕರ ಮಂಡಳಿಯು, ಎಲ್ಲ 34 ಆರೋಪಗಳಲ್ಲೂ ಅವರನ್ನು ತಪ್ಪಿತಸ್ಥರೆಂದು ಘೋಷಿಸಿತು. ನವೆಂಬರಿನಲ್ಲಿ ಅವರು ಅಧ್ಯಕ್ಷರಾಗಿ ಆಯ್ಕೆಯಾದರು. ಆದರೆ ಮತದಾರರು ಆ ತೀರ್ಪನ್ನು ತಿರಸ್ಕರಿಸಿದರೆಂದು ಇದನ್ನು ಓದುವುದು ತಪ್ಪು ಎಂದೇ ನನ್ನ ಅಭಿಪ್ರಾಯ, ಏಕೆಂದರೆ ಬೆಲೆಯೇರಿಕೆ ಮತ್ತು ವಲಸೆಯ ಚಿಂತೆಯಲ್ಲಿದ್ದ ಅನೇಕರಿಗೆ ಮೊಕದ್ದಮೆಯು ಮತವನ್ನು ನಿರ್ಧರಿಸುವ ಸಂಗತಿಯೇ ಆಗಿರಲಿಲ್ಲ.