ಯೂಟ್ಯೂಬಿನಲ್ಲಿ ಸಿಕ್ಕ ಜಪಾನಿ ಡೋಲು

ಪ್ರಶ್ನೆ: ನಿದ್ದೆ ಬಾರದೆ ಯೂಟ್ಯೂಬ್ ನೋಡುತ್ತಿದ್ದಾಗ ಜಪಾನಿನ ತೈಕೊ ವಿಡಿಯೊ ಒಂದು ಸಿಕ್ಕಿತು. ತಲೆಗೆ ಪಟ್ಟಿ ಕಟ್ಟಿದ ಹತ್ತು ಹನ್ನೆರಡು ಜನ ಒಟ್ಟಿಗೆ ಡೋಲು ಬಾರಿಸುತ್ತಾರೆ. ಒಂದು ವಾರದಿಂದ ಅದೇ ನೋಡುತ್ತಿದ್ದೇನೆ. ಇದು ಸಾವಿರಾರು ವರ್ಷದ ಕಲೆಯಂತೆ, ನಿಜಾನಾ? ಮುಂದೆ ಏನು ನೋಡಲಿ? ಮನೆಯಲ್ಲಂತೂ ಸೌಂಡ್ ಕಮ್ಮಿ ಮಾಡು ಅಂತ ಬೈಗುಳ.
– ಓದುಗರೊಬ್ಬರು, ಹಾಸನ

ಉತ್ತರ: ಮೊದಲು ಹೆಡ್‌ಫೋನ್ ಹಾಕಿಕೊಳ್ಳಿ. ಮನೆಯವರಿಗೋಸ್ಕರ ಮಾತ್ರ ಅಲ್ಲ, ಫೋನಿನ ಸ್ಪೀಕರಿನಲ್ಲಿ ದೊಡ್ಡ ಡೋಲಿನ ತಗ್ಗಿನ ದನಿ ಬರುವುದೇ ಇಲ್ಲ, ಎಣ್ಣೆ ಡಬ್ಬ ಬಡಿದ ಹಾಗೆ ಕೇಳಿಸುತ್ತದೆ.

ಸಾವಿರಾರು ವರ್ಷ ಅನ್ನುವುದು ಅರ್ಧ ನಿಜ. ಡೋಲು ಹಳೆಯದೇ. ದೇವಸ್ಥಾನ, ಊರ ಹಬ್ಬ, ಕಬುಕಿ ನಾಟಕ ಎಲ್ಲ ಕಡೆ ಇತ್ತು. ಆದರೆ ಸಣ್ಣದು ದೊಡ್ಡದು ಡೋಲುಗಳನ್ನು ಸಾಲಾಗಿ ಇಟ್ಟುಕೊಂಡು ಗುಂಪಾಗಿ ವೇದಿಕೆ ಮೇಲೆ ಬಾರಿಸುವ ಈ ರೀತಿ ಶುರುವಾದದ್ದು 1951ರಲ್ಲಿ! ನಾಗಾನೊ ಪ್ರಾಂತದ ಒಕಾಯದವರಾದ ಒಗುಚಿ ದೈಹಚಿ ಜಾಸ್ ಡ್ರಮ್ ನುಡಿಸುತ್ತಿದ್ದವರು. ಸುವಾ ದೇವಸ್ಥಾನದ ಡೋಲು ಬಾರಿಸುವ ಕ್ರಮ ಬರೆದಿಟ್ಟ ಹಳೇ ಹಾಳೆಯೊಂದು ಅವರ ಕೈಗೆ ಬಂತು. ಒಂದೇ ಡೋಲು ಯಾಕೆ, ಡ್ರಮ್ ಸೆಟ್ಟಿನ ಹಾಗೆ ಬೇರೆ ಬೇರೆ ದನಿಯವು ಇದ್ದರೆ ಹೇಗೆ ಅಂತ ಅವರಿಗೆ ಅನ್ನಿಸಿತು. ನೀವು ನೋಡಿದ ಆ ಗುಂಪಿನ ಹಿಂದೆ ಅಷ್ಟು ಜಾಸ್ ಇದೆ. ನನಗೆ ಇದರಿಂದ ಬೇಜಾರೇನೂ ಆಗಲಿಲ್ಲ, ಖುಷಿಯೇ ಆಯಿತು.

ಸಾದೊ ದ್ವೀಪದ ಒಂದೆಕೊಜಾ ತಂಡದವರದು ಇನ್ನೊಂದು ಕಥೆ. ದಿನಾ ಮೈಲುಗಟ್ಟಲೆ ಓಡುವುದೂ ಅವರ ಅಭ್ಯಾಸದಲ್ಲೇ ಸೇರಿತ್ತು. 1975ರಲ್ಲಿ ಬಾಸ್ಟನ್ ಮ್ಯಾರಥಾನ್ ಓಡಿ ಮುಗಿಸಿ, ಅಲ್ಲೇ ಡೋಲು ಬಾರಿಸಿದರು. ಅವರಲ್ಲೇ ಕೆಲವರು 1981ರಲ್ಲಿ ಕೊಡೊ ತಂಡ ಕಟ್ಟಿದರು. ನಿಮಗೆ ಸಿಕ್ಕಿದ್ದು ಬಹುಶಃ ಕೊಡೊ ವಿಡಿಯೊನೇ ಇರಬೇಕು, ಎಲ್ಲರಿಗೂ ಮೊದಲು ಸಿಗುವುದು ಅದೇ.

ಅಷ್ಟಕ್ಕೇ ನಿಲ್ಲಬೇಡಿ. ಹಚಿಜೊ ದ್ವೀಪದ ಡೋಲು ಹುಡುಕಿ. ಒಂದೇ ಡೋಲು, ಎರಡು ಕಡೆ ಇಬ್ಬರು. ಒಬ್ಬರು ಒಂದೇ ನಡೆಯನ್ನು ಬಿಡದೆ ಹಿಡಿದುಕೊಂಡಿರುತ್ತಾರೆ, ಇನ್ನೊಬ್ಬರು ಅದರ ಮೇಲೆ ಮನಸ್ಸಿಗೆ ಬಂದದ್ದನ್ನು ಬಾರಿಸುತ್ತಾರೆ. ವೇಷವಿಲ್ಲ, ಲೈಟಿಲ್ಲ, ಹಿಂದೆ ಯಾರೋ ಮಾತಾಡಿಕೊಂಡು ನಿಂತಿರುತ್ತಾರೆ. ನನಗೆ ದೊಡ್ಡ ವೇದಿಕೆಯದಕ್ಕಿಂತ ಇದೇ ಜಾಸ್ತಿ ಇಷ್ಟ.

ಪ್ರಶ್ನೆ: ವಿಡಿಯೊ ನೋಡಿಯೇ ತೈಕೊ ಕಲಿಯಬಹುದೇ? ಡೋಲು ಎಲ್ಲಿಂದ ತರಲಿ?
– ಓದುಗರೊಬ್ಬರು, ಮೈಸೂರು

ಉತ್ತರ: ಬಾಯಿಪಾಠದಿಂದ ಶುರು ಮಾಡಿ. ಜಪಾನಿನವರದ್ದೂ ಮೊದಲು ಬಾಯಲ್ಲೇ: ಜೋರಾದ ಪೆಟ್ಟಿಗೆ ‘ದೊನ್’, ಬೇಗ ಬೇಗ ಎರಡು ಬಿದ್ದರೆ ‘ದೊಕೊ’, ಅಂಚಿಗೆ ಹೊಡೆದರೆ ‘ಕ’. ಮೃದಂಗದ ತಕಧಿಮಿ ಹೇಳಿಕೊಂಡು ಬೆಳೆದವರಿಗೆ ಇದೇನು ಕಷ್ಟ, ಅಲ್ವಾ? ಕೈಯ ಬೀಸು, ಕಾಲು ಅಗಲಿಸಿ ನಿಲ್ಲುವ ಭಂಗಿ ಮಾತ್ರ ಪಕ್ಕದಲ್ಲಿ ನಿಂತು ತಿದ್ದುವವರು ಇಲ್ಲದೆ ಬರುವುದಿಲ್ಲ. ನಾನು ಸುಮ್ನೆ ವಿಡಿಯೊ ನೋಡಿ ಲಟ್ಟಣಿಗೆಯಲ್ಲಿ ದಿಂಬು ಬಡಿದು ಮೂರು ದಿನ ಭುಜ ಎತ್ತಲಾಗದೆ ಕೂತಿದ್ದೆ.

ಡೋಲಿಗೆ ದುಡ್ಡು ಸುರಿಯಬೇಡಿ. ಅಮೆರಿಕದ ಎಷ್ಟೋ ತಂಡಗಳು ಅಭ್ಯಾಸ ಮಾಡುವುದು ಹಳೇ ಟೈರಿಗೆ ಬಿಗಿಯಾಗಿ ಪ್ಯಾಕಿಂಗ್ ಟೇಪ್ ಸುತ್ತಿ. ಪಂಕ್ಚರ್ ಅಂಗಡಿಯಲ್ಲಿ ಕೇಳಿ ನೋಡಿ, ಕೊಟ್ಟಾರು.