ಇಷ್ಟೊಂದು ಖನಿಜ ಇದ್ದರೂ ಆಫ್ರಿಕಾದಲ್ಲಿ ಬಡತನ ಯಾಕೆ? ನಗರಗಳು ಮಾತ್ರ ಹೇಗೆ ಬೆಳೆಯುತ್ತಿವೆ?

ಮೊದಲಿಗೆ, 54 ದೇಶಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲು ಆಗುವುದಿಲ್ಲ. ಆದರೂ ಒಂದು ಕಾರಣ ಬಹಳ ಕಡೆ ಕಾಣುತ್ತದೆ: ಕಚ್ಚಾ ಮಾಲು ಹೊರಗೆ ಹೋಗುತ್ತದೆ, ಲಾಭವೂ ಅದರ ಜೊತೆಗೇ ಹೋಗುತ್ತದೆ.

ಬ್ಯಾಟರಿಗೆ ಬೇಕಾದ ಕೋಬಾಲ್ಟ್ ನೋಡಿ. ಜಗತ್ತಿನ ಗಣಿಗಳಿಂದ ಬರುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ್ದು. ಅದನ್ನು ಶುದ್ಧ ಮಾಡುವುದು ಮಾತ್ರ ಹೆಚ್ಚಾಗಿ ಚೀನಾದಲ್ಲಿ. ಕೋಕೋ ಬೆಳೆಯುವುದು ಐವರಿ ಕೋಸ್ಟ್, ಘಾನಾ. ಚಾಕೊಲೇಟ್‌ಗೆ ಹೆಸರು ಯುರೋಪಿನದು. ನೈಜೀರಿಯಾದ್ದು ಇನ್ನೂ ವಿಚಿತ್ರ. ದಶಕಗಳ ಕಾಲ ಕಚ್ಚಾ ತೈಲ ಮಾರಿ, ಪೆಟ್ರೋಲನ್ನು ಹೊರಗಿನಿಂದಲೇ ಕೊಂಡಿತು! ಕಚ್ಚಾ ತೈಲದಿಂದ ಪೆಟ್ರೋಲ್ ತೆಗೆಯುವ ದೊಡ್ಡ ಕಾರ್ಖಾನೆ, ಲಾಗೋಸ್ ನಗರದ ಹತ್ತಿರದ ಡಾಂಗೋಟೆ ರಿಫೈನರಿ, ಕೆಲಸ ಶುರು ಮಾಡಿದ್ದು 2024ರಲ್ಲಿ.

ಹಾಗಂತ ಖನಿಜವೇ ಶಾಪ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬೋಟ್ಸ್ವಾನಾ 1966ರಲ್ಲಿ ಸ್ವತಂತ್ರವಾದಾಗ ತೀರಾ ಬಡ ದೇಶ. ಮರುವರ್ಷ ವಜ್ರ ಸಿಕ್ಕಿತು. ಸರ್ಕಾರ ಡಿ ಬಿಯರ್ಸ್ ಎಂಬ ವಜ್ರದ ಕಂಪನಿಯ ಜೊತೆ ಪಾಲುದಾರನಾಗಿ, ಬಂದ ಹಣವನ್ನು ರಸ್ತೆ, ಶಾಲೆ, ಆಸ್ಪತ್ರೆಗೆ ಹಾಕಿತು. ವಜ್ರದ ಮೇಲೇ ಅತಿಯಾಗಿ ನಿಂತಿರುವುದು ಅದರ ಈಗಿನ ತಲೆನೋವು, ಅದು ಬೇರೆ ಮಾತು.

ಇನ್ನು ನಗರಗಳು. ಲಾಗೋಸ್‌ನಲ್ಲಿ 1950ರಲ್ಲಿ ಸುಮಾರು 3 ಲಕ್ಷ ಜನ ಇದ್ದರು. ಈಗ 1.5 ಕೋಟಿಗೂ ಜಾಸ್ತಿ. ಎಲ್ಲರೂ ಹಳ್ಳಿಯಿಂದ ಬಂದವರಲ್ಲ, ನಗರದಲ್ಲೇ ಹುಟ್ಟಿದವರೂ ಬಹಳ. ಯುರೋಪಿನಲ್ಲಿ ಕಾರ್ಖಾನೆಗಳು ಜನರನ್ನು ನಗರಕ್ಕೆ ಎಳೆದವು, ಅಲ್ವಾ? ಇಲ್ಲಿ ಕಾರ್ಖಾನೆಗಿಂತ ಮೊದಲು ಜನವೇ ತುಂಬಿದರು. ಅದಕ್ಕೇ ಹೆಚ್ಚಿನವರು ಸಣ್ಣ ವ್ಯಾಪಾರ, ದಿನಗೂಲಿ, ಬಾಡಿಗೆ ಗಾಡಿ ಓಡಿಸುವುದರಲ್ಲೇ ಬದುಕು ಕಟ್ಟಿಕೊಂಡಿದ್ದಾರೆ.