ಹಳೇ 118 ಎನ್‌ಇ ಆಟೋಕ್ರಾಸ್‌ಗೆ: ಎಂಜಿನ್ ಬದಲಿಸಲಾ, ಡಿಫರೆನ್ಷಿಯಲ್ ವೆಲ್ಡ್ ಮಾಡಿಸಲಾ?

ನೀವು ಕೇಳಿರೋದು ಇಷ್ಟು: ಚಿತ್ರದುರ್ಗದಲ್ಲಿ ಮನೆಯ ಹಳೇ ಪ್ರೀಮಿಯರ್ 118 ಎನ್‌ಇ ಕಾರು ಇದೆ, ಓಡುತ್ತೆ, ಕೈಯಲ್ಲಿ ಒಂದು ಲಕ್ಷ ಇದೆ. ಜಿಪ್ಸಿಯ 1298 ಸಿಸಿ ಎಂಜಿನ್ ಕೂರಿಸಿ, ಡಿಫರೆನ್ಷಿಯಲ್ (ತಿರುವಿನಲ್ಲಿ ಹಿಂದಿನ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತೋಕೆ ಬಿಡೋ ಗೇರ್‌ಗಳು) ಎರಡೂ ಚಕ್ರ ಒಟ್ಟಿಗೇ ಸುತ್ತೋ ಹಾಗೆ ವೆಲ್ಡ್ ಮಾಡಿಸಿದರೆ ಆಟೋಕ್ರಾಸ್‌ಗೆ, ಅಂದರೆ ತಿರುವು ತುಂಬಿದ ಸಣ್ಣ ಟ್ರ್ಯಾಕ್‌ನಲ್ಲಿ ಟೈಮ್ ನೋಡಿ ಗೆಲ್ಲೋ ಕಾರು ಸ್ಪರ್ಧೆಗೆ, ಇಳಿಸಬಹುದಾ?

ಎರಡೂ ಬೇಡ. ನಾನು ದಾವಣಗೆರೆಯಲ್ಲಿ ಇದೇ ಗಾಡಿ ಇಟ್ಟುಕೊಂಡವನು. ಹಿಂದಿನ ಚಕ್ರ ಎಳೆಯೋ ಹಳೇ ಗಾಡಿಗಳಲ್ಲಿ ಭಾನುವಾರದ ಆಟಕ್ಕೆ ಇದಕ್ಕಿಂತ ಒಳ್ಳೇದು ನಮ್ಮ ಕಡೆ ಸುಲಭಕ್ಕೆ ಸಿಗಲ್ಲ. ಬಾಡಿ ಮತ್ತು ಸಸ್ಪೆನ್ಷನ್ ಫಿಯಟ್ 124 ಮೂಲದ್ದು, ಎಂಜಿನ್ ನಿಸಾನ್‌ನ ಎ12, 1171 ಸಿಸಿ. ಪದ್ಮಿನಿಗೆ ಹಿಂದೆ ಪಟ್ಟಿ ಸ್ಪ್ರಿಂಗ್, ಇದಕ್ಕೆ ಕಾಯಿಲ್ ಸ್ಪ್ರಿಂಗ್. ಹಿಂದಿನ ಆಕ್ಸಲ್ ಅಕ್ಕಪಕ್ಕ ಸರಿಯದ ಹಾಗೆ ಹಿಡಿಯೋಕೆ ಪ್ಯಾನ್‌ಹಾರ್ಡ್ ರಾಡ್ ಬೇರೆ ಇದೆ. ಇಷ್ಟು ಒಳ್ಳೇ ಅಡಿಪಾಯ ಇರುವಾಗ ದುಡ್ಡನ್ನೆಲ್ಲ ಬಾನೆಟ್ ಒಳಗೆ ಸುರಿಯೋದು ಯಾಕೆ? ಆಟೋಕ್ರಾಸ್ ಟ್ರ್ಯಾಕ್‌ನಲ್ಲಿ ಮೂರನೇ ಗೇರ್ ಪೂರ್ತಿ ಎಳೆಯೋಷ್ಟು ನೇರ ಜಾಗ ಸಿಗೋದೇ ಅಪರೂಪ. ಅಲ್ಲಿ ಟೈಮ್ ಉಳಿಯೋದು ಬ್ರೇಕ್‌ನಲ್ಲಿ, ತಿರುವಿನಲ್ಲಿ. ಎಂಜಿನ್ ಬದಲಿಸಿದರೆ ಆರ್‌ಸಿಯಲ್ಲೂ ಬದಲಾಗಬೇಕು, ಆರ್‌ಟಿಒ ಒಪ್ಪಿಗೆ ಬೇಕು. ಹದಿನೈದು ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣಕ್ಕೆ ಹೋಗೋದೇ ಒಂದು ಕೆಲಸ, ಅದರ ಮೇಲೆ ಇನ್ನೊಂದು ತಕರಾರು ಯಾಕೆ ಮೈಮೇಲೆ ಎಳ್ಕೊಳ್ತೀರಿ. ಸ್ಪರ್ಧೆಯಲ್ಲಿ ಸಿಸಿ ನೋಡಿ ವರ್ಗ ಮಾಡ್ತಾರೆ ಅನ್ನೋದೂ ನೆನಪಿರಲಿ.

ಇನ್ನೊಂದು ವಿಷಯ. ನೀವು ಯೂಟ್ಯೂಬ್‌ನಲ್ಲಿ ನೋಡಿರೋದು ಬಹುಶಃ ಅಮೆರಿಕದ ಆಟೋಕ್ರಾಸ್: ದೊಡ್ಡ ಟಾರ್ ಮೈದಾನ, ಕೋನ್‌ಗಳು, ಒಂದೊಂದೇ ಗಾಡಿ. ನಮ್ಮಲ್ಲಿ ಆಟೋಕ್ರಾಸ್ ಅಂದರೆ ಹೆಚ್ಚಾಗಿ ಮಣ್ಣು, ಗರಸು. ಅವರ ಸೆಟ್ಟಿಂಗ್ ಹಾಗೇ ತಂದು ಹಾಕಿದರೆ ಇಲ್ಲಿ ಕೆಲಸಕ್ಕೆ ಬರಲ್ಲ. ಗಾಡಿ ತಗ್ಗಿಸೋದು, ಸ್ಪ್ರಿಂಗ್ ಕತ್ತರಿಸೋದು ಇವೆಲ್ಲ ಮರೆತುಬಿಡಿ. ಕತ್ತರಿಸಿದ ಕಾಯಿಲ್, ಚಕ್ರ ಪೂರ್ತಿ ಇಳಿಬಿದ್ದಾಗ ತಾನು ಕೂರೋ ಜಾಗ ಬಿಟ್ಟು ಹೊರಗೆ ಬರಬಹುದು. ಪ್ಯಾನ್‌ಹಾರ್ಡ್ ರಾಡ್ ಇರೋದರಿಂದ ಗಾಡಿ ತಗ್ಗಿದಷ್ಟೂ ಹಿಂದಿನ ಆಕ್ಸಲ್ ಒಂದು ಪಕ್ಕಕ್ಕೆ ಸರಿಯುತ್ತೆ ಕೂಡ.

ಮೊದಲು ಸ್ಟೀರಿಂಗ್. ಇದರಲ್ಲಿರೋದು ರ‍್ಯಾಕ್ ಅಲ್ಲ, ವರ್ಮ್ ಮತ್ತು ರೋಲರ್ ಬಾಕ್ಸ್ (ಸ್ಕ್ರೂ ಥರದ ವರ್ಮ್ ತಿರುಗಿ ರೋಲರ್ ಆಡಿಸೋ ಗೇರ್ ಪೆಟ್ಟಿಗೆ). ಗಾಡಿ ನೆಲದ ಮೇಲೇ ಇರಲಿ, ಎಂಜಿನ್ ಆಫ್ ಮಾಡಿ. ಒಬ್ಬರನ್ನು ಒಳಗೆ ಕೂರಿಸಿ ಸ್ಟೀರಿಂಗ್ ಸ್ವಲ್ಪ ಸ್ವಲ್ಪ ಆ ಕಡೆ ಈ ಕಡೆ ಆಡಿಸೋಕೆ ಹೇಳಿ. ನೀವು ಬಗ್ಗಿ ಒಂದೊಂದೇ ಜಾಯಿಂಟ್ ಮೇಲೆ ಬೆರಳಿಟ್ಟು ನೋಡ್ತಾ ಬನ್ನಿ: ಬಾಕ್ಸ್‌ನಿಂದ ಹೊರಬರೋ ಶಾಫ್ಟ್, ಅದಕ್ಕೆ ಸೇರೋ ಪಿಟ್‌ಮನ್ ಆರ್ಮ್, ಆ ಕಡೆ ಅದಕ್ಕೆ ಜೋಡಿಯಾಗಿರೋ ಐಡ್ಲರ್ ಆರ್ಮ್, ಚಕ್ರ ತಿರುಗಿಸೋ ಟೈ ರಾಡ್ ತುದಿಗಳು. ಎಲ್ಲಿ ಒಂದು ತುಂಡು ಆಡಿದರೂ ಮುಂದಿನ ತುಂಡು ಆಡ್ತಿಲ್ಲವೋ ಅಲ್ಲಿದೆ ಸಡಿಲ. ಬಹಳ ಸಲ ಬಾಕ್ಸ್ ಮೇಲೆ ಅಪವಾದ ಬರುತ್ತೆ, ಸವೆದಿರೋದು ಐಡ್ಲರ್‌ನ ಬುಷ್ (ಜಾಯಿಂಟ್ ಒಳಗಿನ ಕೊಳವೆ ತುಂಡು). ಬಾಕ್ಸ್‌ದೇ ತಪ್ಪಾದರೆ ಮೇಲೊಂದು ಅಡ್ಜಸ್ಟ್ ಸ್ಕ್ರೂ, ಲಾಕ್ ನಟ್ ಇರುತ್ತೆ. ಅದನ್ನ ಕಂಡಾಪಟ್ಟೆ ಬಿಗಿಯಬೇಡಿ. ವರ್ಮ್ ಸವೆಯೋದು ನಡುವೆ, ಯಾಕಂದರೆ ಗಾಡಿ ಜೀವಮಾನವೆಲ್ಲ ನೇರ ಹೋಗಿರುತ್ತೆ. ನಡುವಿನ ಸಡಿಲ ಪೂರ್ತಿ ಹೋಗೋವರೆಗೆ ಬಿಗಿದರೆ ತಿರುಗಿಸಿದಾಗ ಬಿಗಿ ಹಿಡಿಯುತ್ತೆ, ತಿರುವಿನ ಮಧ್ಯೆ ಸ್ಟೀರಿಂಗ್ ವಾಪಸ್ ಬರಲ್ಲ.

ಆಮೇಲೆ ಬುಷ್‌ಗಳು. ಮುಂದಿನ ಚಕ್ರ ಹಿಡಿಯೋ ವಿಶ್‌ಬೋನ್, ಹಿಂದಿನ ಆಕ್ಸಲ್ ಬಾಡಿಗೆ ಸೇರಿಸೋ ಟ್ರೇಲಿಂಗ್ ಆರ್ಮ್, ಪ್ಯಾನ್‌ಹಾರ್ಡ್ ರಾಡ್ ಎರಡೂ ತುದಿ. ಮೂವತ್ತು ವರ್ಷದ ರಬ್ಬರ್ ಒಣಗಿ ಬಿರುಕು ಬಿಟ್ಟಿರುತ್ತೆ. ಹೊಸದು ಸಿಗಲಿಲ್ಲ ಅಂತ ಕೈಚೆಲ್ಲಬೇಡಿ. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದಶಕಗಳ ಕಾಲ ಲೇತ್ ಮಷಿನ್‌ಗಳನ್ನೇ ಮಾಡ್ತಿತ್ತು. ಕಾರ್ಖಾನೆ ಮುಚ್ಚಿದರೂ ಆ ಕೈಗಾರಿಕೆ ನೆರಳಲ್ಲಿ ಬೆಳೆದ ಕೈಗಳು ಇನ್ನೂ ಈ ಕಡೆ ಇವೆ. ಹಳೇ ಸ್ಯಾಂಪಲ್ ಕೊಟ್ಟರೆ ಪಾಲಿಯುರಿಥೇನ್ ರಾಡ್‌ನಿಂದ ಬುಷ್ ತಿರುವಿ ಕೊಡ್ತಾರೆ. ಪ್ಯಾನ್‌ಹಾರ್ಡ್ ತುದಿಗೆ ಇದನ್ನ ಹಾಕಿಸಿದರೆ ಗಾಡಿಯ ಹಿಂಭಾಗ ಎಷ್ಟು ಶಿಸ್ತಾಗಿ ಬರುತ್ತೆ ಅನ್ನೋದು ನಿಮಗೇ ಗೊತ್ತಾಗುತ್ತೆ. ಟ್ರೇಲಿಂಗ್ ಆರ್ಮ್‌ಗೆ ಮಾತ್ರ ರಬ್ಬರೇ ಇರಲಿ. ಗಾಡಿ ವಾಲಿದಾಗ ಆ ಆರ್ಮ್ ಸ್ವಲ್ಪ ತಿರುಚಿಕೊಳ್ಳಬೇಕು, ಗಟ್ಟಿ ಬುಷ್ ಅದಕ್ಕೆ ಬಿಡಲ್ಲ, ಕೊನೆಗೆ ಬಾಡಿ ಕಡೆಯ ಬ್ರಾಕೆಟ್ ಸೀಳುತ್ತೆ.

ಟೈರ್ ವಿಚಾರದಲ್ಲಿ ಜಿಪುಣತನ ಬೇಡ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಶೆಡ್‌ನಲ್ಲಿ ನಿಂತ ಗಾಡಿಯ ಟೈರ್‌ಗೆ ಗುಂಡಿ (ಟ್ರೆಡ್) ಚೆನ್ನಾಗಿದ್ದರೂ ರಬ್ಬರ್ ಕಲ್ಲಾಗಿರುತ್ತೆ. 13 ಇಂಚಿನ ರಿಮ್‌ಗೆ 155/80 ಮತ್ತು 175/70 ಎರಡರ ಎತ್ತರವೂ ಹೆಚ್ಚುಕಡಿಮೆ ಒಂದೇ, ಸುಮಾರು 575 ಮಿಮೀ. 165/65 ಹಾಕಿದರೆ 545ಕ್ಕೆ ಇಳಿಯುತ್ತೆ, ಅಂದರೆ ಡಿಫರೆನ್ಷಿಯಲ್ ಮುಟ್ಟದೇ ಗೇರಿಂಗ್ ಶೇ. 5ರಿಂದ 6ರಷ್ಟು ಚುರುಕಾದ ಹಾಗೆ. ಗಟ್ಟಿ ನೆಲದಲ್ಲಿ ಇದು ಲಾಭ. ಕಲ್ಲು ಎದ್ದಿರೋ ಗರಸಿನಲ್ಲಿ ಒಂದೂವರೆ ಸೆಂಟಿಮೀಟರ್ ಕ್ಲಿಯರೆನ್ಸ್ ಕಳ್ಕೊಂಡು ಎಂಜಿನ್ ಕೆಳಗಿನ ಆಯಿಲ್ ಸಂಪ್‌ಗೆ ಪೆಟ್ಟು ಬಿದ್ದರೆ ಲೆಕ್ಕ ಉಲ್ಟಾ.

ಅಲಾಯ್ ಹಾಕಿಸೋ ಆಸೆ ಇದ್ದರೆ ಹುಷಾರು. ಫಿಯಟ್ ಹಬ್‌ನ ಬೋಲ್ಟ್ ಅಳತೆ 4x98, ಅಂದರೆ 98 ಮಿಮೀ ವೃತ್ತದ ಮೇಲೆ ನಾಲ್ಕು ಬೋಲ್ಟ್. ಮಾರುತಿ, ಹ್ಯುಂಡೈ ರಿಮ್‌ಗಳು ಸಾಮಾನ್ಯವಾಗಿ 4x100. ಎರಡು ಮಿಲಿಮೀಟರ್ ತಾನೇ ಅಂತ ಅಂಗಡಿಯವನು ಗನ್ ಹಿಡಿದು ಬಿಗಿದೇ ಬಿಡ್ತಾನೆ, ಕೂತಂಗೂ ಕಾಣುತ್ತೆ. ಬೋಲ್ಟ್ ತಲೆ ಸರಿಯಾಗಿ ಕೂತಿರಲ್ಲ, ಓಡ್ತಾ ಓಡ್ತಾ ಸಡಿಲ ಆಗುತ್ತೆ. ಹಳೇ ಪಾಲಿಯೋ ರಿಮ್ 4x98 ಇರುತ್ತೆ, ಆಫ್‌ಸೆಟ್ (ರಿಮ್ ಎಷ್ಟು ಒಳಗೆ ಕೂರುತ್ತೆ ಅನ್ನೋ ಅಳತೆ) ಬೇರೆ, ಒಳಗೆ ತಾಗುತ್ತಾ ನೋಡಿ ತಗೊಳ್ಳಿ.

ಗಾಳಿ: ಮಣ್ಣಿನ ಮೇಲೆ 26 ಪಿಎಸ್‌ಐ ಆಸುಪಾಸಿನಿಂದ ಶುರು ಮಾಡಿ, ಟಾರ್ ಆದರೆ 32ರ ಮೇಲೆ. ಟಾರ್ ಮೇಲೆ ಟೈರ್ ಭುಜಕ್ಕೆ ಚಾಕ್‌ಪೀಸ್‌ನಲ್ಲಿ ಗೆರೆ ಎಳೆದು ಒಂದು ರೌಂಡ್ ಹೊಡೆಯಿರಿ. ಗೆರೆ ಪಕ್ಕದ ಗೋಡೆವರೆಗೂ ಅಳಿಸಿದ್ದರೆ ಟೈರ್ ಮಡಚ್ತಿದೆ, ಗಾಳಿ ಏರಿಸಿ. ಅಲೈನ್‌ಮೆಂಟ್‌ನಲ್ಲಿ ಮುಂದಿನ ಚಕ್ರಗಳಿಗೆ ಒಂದೆರಡು ಮಿಲಿಮೀಟರ್ ಟೋ ಔಟ್ (ಚಕ್ರದ ಮುಂದಿನ ಅಂಚು ಸ್ವಲ್ಪ ಹೊರಕ್ಕೆ), ಸುಮಾರು ಒಂದು ಡಿಗ್ರಿ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರೋದು). ಕೆಳಗಿನ ವಿಶ್‌ಬೋನ್ ಮತ್ತು ಕ್ರಾಸ್‌ಮೆಂಬರ್ ನಡುವೆ ಶಿಮ್ (ತೆಳು ತಗಡಿನ ಬಿಲ್ಲೆ) ಹಾಕಿ ತೆಗೆದು ಕ್ಯಾಂಬರ್ ಬದಲಿಸಬಹುದು. "ಈ ಗಾಡೀಲಿ ಕ್ಯಾಂಬರ್ ಆಗಲ್ಲ ಸಾರ್" ಅಂತ ಕಂಪ್ಯೂಟರ್ ಅಲೈನ್‌ಮೆಂಟ್ ಹುಡುಗರು ಅಂದರೆ ಶಿಮ್ ತೋರಿಸಿ.

ಡಿಫರೆನ್ಷಿಯಲ್ ವೆಲ್ಡ್ ಬಗ್ಗೆ. ತಿರುವಿನಲ್ಲಿ ಒಳಗಿನ ಹಿಂದಿನ ಚಕ್ರದ ಭಾರ ಇಳಿದು ಅದು ಸುಮ್ಮನೆ ಸುತ್ತೋದು ನಿಮ್ಮ ತೊಂದರೆ, ಸರಿ. ವೆಲ್ಡ್ ಮಾಡಿದರೆ ಸಡಿಲ ಮಣ್ಣಿನಲ್ಲಿ ಮಜಾ ಬರುತ್ತೆ, ಸುಳ್ಳು ಹೇಳಲ್ಲ. ಆದರೆ ಟಾರ್ ಮೇಲೆ ಗಾಡಿ ನೇರವಾಗೇ ನುಗ್ಗುತ್ತೆ, ಆಕ್ಸಲ್ ಶಾಫ್ಟ್ ಮೇಲೆ ತಿರುಚುವ ಬಲ ಬೀಳುತ್ತೆ, ಮತ್ತೆ ಈ ಗಾಡಿಯ ಶಾಫ್ಟ್ ಹುಡುಕೋಕೆ ಊರೂರು ಅಲೀಬೇಕು. ಅದರ ಬದಲು ಒಳ್ಳೇ ಶಾಕ್ ಅಬ್ಸಾರ್ಬರ್ ಹಾಕಿ, ಗಟ್ಟಿ ಮಾಡೋದಿದ್ದರೆ ಗಾಡಿ ವಾಲೋದನ್ನ ತಡೆಯೋ ಮುಂದಿನ ಆಂಟಿ ರೋಲ್ ಬಾರ್ ಗಟ್ಟಿ ಮಾಡಿ, ಹಿಂದೆ ಬಾರ್ ಸೇರಿಸೋಕೆ ಹೋಗಬೇಡಿ. ಮುಂಭಾಗ ಗಟ್ಟಿಯಾದಷ್ಟೂ ಹಿಂದಿನ ಒಳಚಕ್ರ ನೆಲ ಕಚ್ಚಿಕೊಂಡಿರುತ್ತೆ.

ಬ್ರೇಕ್‌ಗೆ ಹೊಸ ಹೋಸ್, ಹೊಸ ವೀಲ್ ಸಿಲಿಂಡರ್ ಕಿಟ್, ಡಾಟ್ 4 ಆಯಿಲ್. ಹೊಸ ಡಾಟ್ 3 ಕುದಿಯೋದು 205 ಡಿಗ್ರಿಗೆ, ಡಾಟ್ 4 ಆದರೆ 230ಕ್ಕೆ. ನೀರು ಹೀರಿಕೊಂಡ ಹಳೇ ಡಾಟ್ 3 ಆಯಿಲ್ 140ಕ್ಕೇ ಕುದಿಯಬಹುದು, ಪೆಡಲ್ ನೆಲಕ್ಕೆ ಹೋಗುತ್ತೆ. ಹ್ಯಾಂಡ್‌ಬ್ರೇಕ್ ಕೇಬಲ್ ಎರಡೂ ಚಕ್ರ ಸಮನಾಗಿ ಹಿಡಿಯಬೇಕು, ಬಿಗಿ ತಿರುವಿಗೆ ಅದೇ ನಿಮ್ಮ ಎರಡನೇ ಸ್ಟೀರಿಂಗ್.

ಎಂಜಿನ್‌ಗೆ ಆರೋಗ್ಯ ಸಾಕು. ನಮ್ಮ ಬೋರ್‌ವೆಲ್ ನೀರು ಹಾಕಿ ಹಾಕಿ ರೇಡಿಯೇಟರ್ ಒಳಗೆ ಸುಣ್ಣ ಕಟ್ಟಿರುತ್ತೆ. ಬಿಚ್ಚಿಸಿ ತೊಳೆಸಿ, ಕೂಲೆಂಟ್ ಹಾಕಿ. ಉದ್ದ ತಿರುವಿನಲ್ಲಿ ಎಂಜಿನ್ ಮಿಸ್ ಹೊಡೆದರೆ ಇಗ್ನಿಷನ್ ಬೈಯೋಕೆ ಮುಂಚೆ ಕಾರ್ಬ್ಯುರೇಟರ್ ಫ್ಲೋಟ್ ಮಟ್ಟ ನೋಡಿ, ಪೆಟ್ರೋಲ್ ಒಂದು ಪಕ್ಕಕ್ಕೆ ಓಡಿ ಜೆಟ್ ಬರಿದಾಗ್ತಿರುತ್ತೆ. ಆಯಿಲ್ ಡಿಪ್‌ಸ್ಟಿಕ್‌ನ ಮೇಲಿನ ಗೆರೆಗೆ ಸರಿಯಾಗಿರಲಿ, ಕಡಿಮೆ ಬೇಡವೇ ಬೇಡ. ಏರ್ ಫಿಲ್ಟರ್ ಡಬ್ಬಿಯ ಸೀಲ್ ಬಿಗಿಯಾಗಿರಲಿ, ಧೂಳು ಒಳಗೆ ಹೋದರೆ ಒಂದೇ ಸೀಸನ್‌ಗೆ ರಿಂಗ್ ಖಲಾಸ್.

ಸೀಟ್, ಬೆಲ್ಟ್, ಹೆಲ್ಮೆಟ್ ಬಗ್ಗೆ ಉದ್ದ ಬರೆಯಲ್ಲ. ಆಯೋಜಕರ ನಿಯಮ ಮೊದಲು ತರಿಸಿ ಓದಿ, ದೇಶದ ಮೋಟಾರ್ ಸ್ಪೋರ್ಟ್ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಲೈಸೆನ್ಸ್ ಬೇಕಾ ಕೇಳಿ. ಸ್ಟೀರಿಂಗ್ ಹಿಡಿದು ನೇತಾಡೋ ಹಾಗಿದ್ದರೆ ಯಾವ ಸೆಟ್ಟಿಂಗೂ ತಿಳಿಯಲ್ಲ, ಅದಕ್ಕೇ ಸೊಂಟ ಹಿಡಿಯೋ ಸೀಟ್ ಬೇಕು.

ಅಭ್ಯಾಸಕ್ಕೆ ನಮಗಿಂತ ನಿಮ್ಮ ಊರು ವಾಸಿ. ದಾವಣಗೆರೆ ಸುತ್ತ ಮೆಕ್ಕೆಜೋಳ ಕೊಯ್ದ ಎರೆಹೊಲ ಖಾಲಿ ಕಾಣುತ್ತೆ, ಆದರೆ ಬೇಸಿಗೆಯಲ್ಲಿ ಟೈರ್ ಸಿಕ್ಕಿಕೊಳ್ಳೋ ಬಿರುಕು, ಒಂದು ಮಳೆ ಬಿದ್ದರೆ ಚಕ್ರಕ್ಕೆ ಮೆತ್ತಿಕೊಳ್ಳೋ ಅಂಟು. ದುರ್ಗದ ಕಡೆಯ ಕೆಂಪು ಗರಸು ನೆಲ ನೀರು ಬೇಗ ಇಂಗಿಸುತ್ತೆ. ಜಮೀನಿನವರ ಒಪ್ಪಿಗೆ ತಗೊಳ್ಳಿ, ಬಾವಿ ಎಲ್ಲಿದೆ ಕೇಳಿಕೊಳ್ಳಿ, ಹೈವೇ ಸರ್ವಿಸ್ ರೋಡ್‌ನಲ್ಲಿ ಮಾತ್ರ ಪ್ರಯೋಗ ಬೇಡ.

ಇದಕ್ಕೆಲ್ಲ ಮುಂಚೆ ಒಂದು ಕೆಲಸ: ಕಾರ್ಪೆಟ್ ಎತ್ತಿ, ಟ್ರೇಲಿಂಗ್ ಆರ್ಮ್ ಮತ್ತು ಪ್ಯಾನ್‌ಹಾರ್ಡ್ ರಾಡ್ ಬಾಡಿಗೆ ಸೇರೋ ಜಾಗಗಳನ್ನ ಸ್ಕ್ರೂಡ್ರೈವರ್‌ನಿಂದ ಗಟ್ಟಿಯಾಗಿ ಚುಚ್ಚಿ ನೋಡಿ. ಒಳಗೆ ಇಳಿದರೆ ನಿಮ್ಮ ಒಂದು ಲಕ್ಷ ಮೊದಲು ಹೋಗಬೇಕಾದ್ದು ತಗಡಿಗೆ. ಆ ಜಾಗಗಳ ಫೋಟೋ ಇಲ್ಲೇ ಹಾಕಿ, ಪ್ಯಾಚ್ ಸಾಕಾ ಅಥವಾ ಹೊಸ ಬ್ರಾಕೆಟ್ ಬೇಕಾ ನೋಡಿ ಹೇಳ್ತೀನಿ.